‘ಮುಚ್ಚುಮರೆಯಿಲ್ಲದೆ’: ಹೈಕಲರ ಅಂಕಣದ ಒಂದು ವಿಮರ್ಶೆ

ಪತ್ರಿಕೆಯನ್ನು ಬಿಡಿಸಿದೊಡನೆ ನಮ್ಮ ವಿದ್ಯಾರ್ಥಿಗಳು ಮುಖಪುಟದ ಸುದ್ದಿಯನ್ನೂ ಒಳಪುಟದ ಅಂಕಣವನ್ನೂ ಒಂದೇ ಬಗೆಯಾಗಿ ಓದಿಬಿಡುತ್ತಾರೆ. ಅಚ್ಚಾದುದೆಲ್ಲವೂ ನಿಜವೆಂಬ ನಂಬಿಕೆ ಎಳೆಯ ಮನಸ್ಸಿಗೆ ಸಹಜವಾದುದೇ. ಆದರೆ ಸುದ್ದಿಯ ಕೆಲಸ ನಡೆದುದನ್ನು ತಿಳಿಸುವುದು. ಅಂಕಣದ ಕೆಲಸ ನಡೆದುದರ ಅರ್ಥವನ್ನು ಹೇಳುವುದು. ಅರ್ಥ ಹೇಳುವವನು ಎಲ್ಲಿ ನಿಂತು ಹೇಳುತ್ತಿದ್ದಾನೆಂಬುದನ್ನು ಅರಿಯದೆ ಆ ಅರ್ಥವನ್ನು ತೂಗಿ ನೋಡಲು ಬಾರದು. ಇದಕ್ಕೆ ನಿದರ್ಶನವಾಗಿ, ಅರಬ್ ಜಗತ್ತಿನಲ್ಲಿ ಅತಿ ಹೆಚ್ಚು ಖ್ಯಾತಿ ಪಡೆದ ಅಂಕಣಕಾರರಾದ ಈಜಿಪ್ಟಿನ ಮಹಮ್ಮದ್ ಹಸನೈನ್ ಹೈಕಲರ ಬರಹವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹೈಕಲರು 1923ರಲ್ಲಿ ಜನಿಸಿ 2016ರಲ್ಲಿ ನಿಧನರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವರದಿಗಾರರಾಗಿ ವೃತ್ತಿಗಿಳಿದ ಅವರು, 1957ರಿಂದ 1974ರ ವರೆಗೆ ಕೈರೋ ನಗರದ ‘ಅಲ್-ಅಹ್ರಾಮ್’ ಪತ್ರಿಕೆಯ ಸಂಪಾದಕರಾಗಿದ್ದರು. ಅಹ್ರಾಮ್ ಎಂದರೆ ಪಿರಮಿಡ್ಡುಗಳು. 1875ರಲ್ಲಿ ಸ್ಥಾಪಿತವಾದ ಈ ಹಳೆಯ ಪತ್ರಿಕೆಗೆ ಹೊಸ ಜೀವ ತುಂಬಿದವರು ಅವರೇ. ನಜೀಬ್ ಮಹಫೂಜ್, ತೌಫೀಕ್ ಅಲ್-ಹಕೀಮರಂತಹ ಸಾಹಿತಿಗಳಿಗೆ ಅಲ್ಲಿ ಆಶ್ರಯ ದೊರೆಯಿತು. 1959ರಲ್ಲಿ ಮಹಫೂಜರ ಕಾದಂಬರಿಯೊಂದು ಧಾರಾವಾಹಿಯಾಗಿ ಬರುತ್ತಿದ್ದಾಗ ಮತಪಂಡಿತರು ಅದನ್ನು ಪ್ರತಿಭಟಿಸಿದರು. ಹೈಕಲರು ಅದನ್ನು ಕೊನೆಯ ಕಂತಿನವರೆಗೂ ಪ್ರಕಟಿಸಿದರು. ಈ ಧೈರ್ಯವನ್ನು ಮೊದಲೇ ಸ್ಮರಿಸುವುದು ನ್ಯಾಯ.

ಅವರ ಅಂಕಣದ ಹೆಸರು ‘ಬಿಸರಾಹಾ’. ಮುಚ್ಚುಮರೆಯಿಲ್ಲದೆ ಎಂದು ಅದರ ಅರ್ಥ. ಪ್ರತಿ ಶುಕ್ರವಾರ ಅಚ್ಚಾಗುತ್ತಿದ್ದ ಈ ಬರಹವನ್ನು ಆಕಾಶವಾಣಿಯಲ್ಲೂ ಓದುತ್ತಿದ್ದರು. ಅರಬ್ ರಾಜಧಾನಿಗಳಲ್ಲಿ ಮಂತ್ರಿಗಳೂ, ಕೈರೋದಲ್ಲಿದ್ದ ಹೊರನಾಡಿನ ರಾಯಭಾರಿಗಳೂ ಅದಕ್ಕಾಗಿ ಕಾದಿರುತ್ತಿದ್ದರು. ಕಾರಣ ಸರಳವಾದುದು: ಹೈಕಲರು ಅಧ್ಯಕ್ಷ ನಾಸೆರರ ಆಪ್ತಮಿತ್ರರು. ನಾಸೆರರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಬೇಕಾದವರು ಹೈಕಲರನ್ನು ಓದುತ್ತಿದ್ದರು. ನಾಸೆರರ ಭಾಷಣಗಳನ್ನು ಸಿದ್ಧಪಡಿಸಿದವರೂ ಅವರೇ. 1970ರಲ್ಲಿ ಕೆಲವು ತಿಂಗಳು ಮಂತ್ರಿಪದವಿಯನ್ನೂ ವಹಿಸಿದ್ದರು.

ಅವರ ರಾಜಕೀಯ ನಿಲುವಿನಲ್ಲಿ ಗುಟ್ಟೇನೂ ಇರಲಿಲ್ಲ. ಅರಬರೆಲ್ಲರೂ ಒಂದೇ ಜನಾಂಗ. ಅವರ ನಾಯಕತ್ವ ಈಜಿಪ್ಟಿನದು. ಎರಡು ಮಹಾಶಕ್ತಿಗಳಲ್ಲಿ ಯಾವುದಕ್ಕೂ ಅಡಿಯಾಳಾಗದೆ ಬಾಳಬೇಕು: ಇದು ಅವರ ಮತ. 1955ರ ಬಾಂಡುಂಗ್ ಸಮ್ಮೇಳನದಲ್ಲಿ ನೆಹರೂ ಮತ್ತು ನಾಸೆರರು ಜತೆಗೂಡಿದುದನ್ನೂ, 1956ರಲ್ಲಿ ಸುಯೆಜ್ ಕಾಲುವೆ ರಾಷ್ಟ್ರೀಕೃತವಾದಾಗ ಭಾರತವು ಈಜಿಪ್ಟಿನ ಪರವಾಗಿ ನಿಂತುದನ್ನೂ ಬಲ್ಲ ನಮಗೆ ಈ ಮತವು ಅಪರಿಚಿತವಲ್ಲ. ಒಲವಿರುವುದು ಅಂಕಣಕಾರನ ದೋಷವಲ್ಲ. ಒಲವು ಅವನ ಕಣ್ಣನ್ನು ಎಲ್ಲಿ ಮುಚ್ಚಿಸಿತೆಂಬುದೇ ವಿಮರ್ಶಕನು ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ 1967ರ ಎರಡು ಸಂದರ್ಭಗಳು ಉತ್ತರ ಕೊಡುತ್ತವೆ. ಆ ವರ್ಷದ ಮೇ ತಿಂಗಳಲ್ಲಿ ಈಜಿಪ್ಟು ತಿರಾನ್ ಜಲಸಂಧಿಯನ್ನು ಇಸ್ರೇಲಿನ ಹಡಗುಗಳಿಗೆ ಮುಚ್ಚಿತು. ಮೇ 26ರ ಅಂಕಣದಲ್ಲಿ ಹೈಕಲರು, ಇನ್ನು ಶಸ್ತ್ರಸಂಘರ್ಷ ತಪ್ಪದು ಎಂದು ಬರೆದರು. ಇಸ್ರೇಲು ಏಕೆ ಸುಮ್ಮನಿರಲಾರದೆಂಬುದಕ್ಕೆ ಅವರು ಕೊಟ್ಟ ಕಾರಣಗಳು ತರ್ಕಬದ್ಧವಾಗಿದ್ದವು. ಹಡಗುಗಳ ಹಾದಿಗಿಂತ ಮಿಗಿಲಾಗಿ, ತನ್ನ ಬಲದ ಮೇಲೆ ತನಗಿರುವ ನಂಬಿಕೆಯನ್ನೇ ಅದು ಉಳಿಸಿಕೊಳ್ಳಬೇಕಾಗಿದೆಯೆಂದು ಅವರು ಕಂಡುಕೊಂಡಿದ್ದರು. ಮೊದಲ ಏಟು ಇಸ್ರೇಲಿನದಾಗಲಿ, ನಮ್ಮ ಮರುಏಟು ನಿರ್ಣಾಯಕವಾಗಲಿ ಎಂಬುದು ಅವರ ತೀರ್ಮಾನ.

ಆ ಮೊದಲ ಏಟು ಜೂನ್ 5ರ ಬೆಳಿಗ್ಗೆ ಬಿದ್ದಿತು. ಈಜಿಪ್ಟಿನ ವಿಮಾನಬಲದ ಬಹುಭಾಗವು ನೆಲದ ಮೇಲೆಯೇ ಸುಟ್ಟುಹೋಯಿತು. ಮರುಏಟಿಗೆ ಅವಕಾಶವೇ ಉಳಿಯಲಿಲ್ಲ. ಆರು ದಿನಗಳಲ್ಲಿ ಸಿನಾಯ್, ಗಾಜಾ, ಪೂರ್ವ ಜೆರೂಸಲೇಮ್, ಜೋರ್ಡಾನ್ ನದಿಯ ಪಶ್ಚಿಮ ದಂಡೆ, ಗೋಲಾನ್ ಇವೆಲ್ಲವೂ ಅರಬರ ಕೈತಪ್ಪಿದವು.

ಹೈಕಲರು ಶತ್ರುವಿನ ಮನಸ್ಸನ್ನು ಸರಿಯಾಗಿ ಓದಿದ್ದರು. ಓದದೆ ಬಿಟ್ಟುದು ತಮ್ಮ ಮನೆಯ ಸ್ಥಿತಿಯನ್ನು. ಸೈನ್ಯದ ದೊಡ್ಡದೊಂದು ಭಾಗವು ಆಗ ಯೆಮೆನ್ ದೇಶದ ಯುದ್ಧದಲ್ಲಿ ಸಿಕ್ಕಿಕೊಂಡಿತ್ತು. ಮೊದಲ ಏಟನ್ನು ತಾಳಿಕೊಳ್ಳುವ ಶಕ್ತಿ ನಮಗಿದೆಯೇ ಎಂಬ ಪ್ರಶ್ನೆಯನ್ನು ಎತ್ತಬಲ್ಲವರು ಅಂದಿನ ಈಜಿಪ್ಟಿನಲ್ಲಿ ಯಾರಾದರೂ ಇದ್ದರೆ ಅದು ಅವರೇ. ಮುಚ್ಚುಮರೆಯಿಲ್ಲದ ಅಂಕಣದಲ್ಲಿ ಆ ಪ್ರಶ್ನೆಯೇ ಮರೆಯಾಯಿತು. ಅಧಿಕಾರದ ಸಾಮೀಪ್ಯವು ಅವರಿಗೆ ಬೇರೆಯವರಿಗಿಲ್ಲದ ತಿಳಿವಳಿಕೆಯನ್ನು ಕೊಟ್ಟಿತು. ಅದನ್ನು ಹೇಳುವ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತು.

ಎರಡನೆಯ ಸಂದರ್ಭವು ಭಾಷೆಯನ್ನು ಕಲಿಸುವ ನಮಗೆ ಇನ್ನೂ ಹತ್ತಿರದ್ದು. ಜೂನ್ 9ರಂದು ನಾಸೆರರು ಓದಿದ ರಾಜೀನಾಮೆಯ ಭಾಷಣವನ್ನು ಬರೆದವರು ಹೈಕಲರು. ನಡೆದುದನ್ನು ಹೆಸರಿಸಲು ಅವರು ಆಯ್ದುಕೊಂಡ ಪದ ‘ನಕ್ಸಾ’, ಅಂದರೆ ಹಿನ್ನಡೆ. ಗುಣವಾಗುತ್ತಿದ್ದ ಕಾಯಿಲೆ ಮರುಕಳಿಸುವುದೆಂಬ ಛಾಯೆಯೂ ಆ ಪದಕ್ಕಿದೆ. ಮರುಕಳಿಸಿದ ಕಾಯಿಲೆಗೆ ಮತ್ತೆ ಮದ್ದು ಕುಡಿದರಾಯಿತು, ವೈದ್ಯನನ್ನು ಬದಲಿಸಬೇಕಾಗಿಲ್ಲ! ಇದಕ್ಕೆ ಪ್ರತಿಯಾಗಿ, 1948ರ ಸೋಲಿಗೆ ಬೈರೂತಿನ ಪ್ರಾಧ್ಯಾಪಕ ಕಾನ್‌ಸ್ಟಂಟೈನ್ ಜುರೈಕರು ‘ನಕ್ಬಾ’ ಎಂಬ ಪದವನ್ನು ಬಳಸಿದ್ದರು. ಮಹಾವಿಪತ್ತು ಎಂದು ಅದರ ಅರ್ಥ. ಅವರು ಆ ಪದವನ್ನಿಟ್ಟು ಅರಬ್ ಸಮಾಜದ ದೌರ್ಬಲ್ಯಗಳನ್ನೇ ಪರೀಕ್ಷೆಗೊಡ್ಡಿದರು. ಮುಂದೆ 1968ರಲ್ಲಿ ಸಿರಿಯಾದ ಸಾದಿಕ್ ಜಲಾಲ್ ಅಲ್-ಅಜಮರು ಆತ್ಮವಿಮರ್ಶೆಯ ಗ್ರಂಥವೊಂದನ್ನು ಬರೆದು, ಅದರ ಹೆಸರಿನಲ್ಲಿಯೇ ‘ಸೋಲು’ ಎಂಬ ನೇರವಾದ ಪದವನ್ನಿರಿಸಿದರು.

ಹೈಕಲರ ಪಕ್ಷದಲ್ಲಿಯೂ ಹೇಳಬೇಕಾದುದುಂಟು. ಎದೆಗುಂದಿದ ಜನತೆ ಅಂದು ಕುಸಿದುಬೀಳದಂತೆ ಆ ಮೃದುವಾದ ಪದವು ಆಸರೆಯಾಗಿರಬಹುದು. ಸೋಲಿನ ತರುವಾಯ ಅವರು ಗುಪ್ತ ಪೋಲೀಸರ ಹಾವಳಿಯನ್ನು ಖಂಡಿಸಲೂ ಹಿಂಜರಿಯಲಿಲ್ಲ. ಬೆಳಗಿನ ಜಾವ ಬಾಗಿಲು ತಟ್ಟಿ ಜನರನ್ನು ಒಯ್ಯುವವರನ್ನು ‘ನಸುಕಿನ ಅತಿಥಿಗಳು’ ಎಂದು ಕರೆದರು. ಆದರೆ ಅತಿಥಿಗಳನ್ನು ಕಳುಹಿಸಿದ ಯಜಮಾನನು ಯಾರೆಂಬಲ್ಲಿಗೆ ಅವರ ಲೇಖನಿ ಹೋಗಲಿಲ್ಲ.

1970ರಲ್ಲಿ ನಾಸೆರರು ತೀರಿಕೊಂಡರು. ಮೊದಲು ಸಾದಾತರಿಗೆ ಬೆಂಬಲವಾಗಿದ್ದ ಹೈಕಲರು, 1973ರ ಯುದ್ಧದ ನಂತರ ಸಾದಾತರು ಅವಸರದಿಂದ ಅಮೆರಿಕದ ಕಡೆಗೆ ವಾಲಿದುದನ್ನು ಆಕ್ಷೇಪಿಸಿದರು. ಫಲವಾಗಿ 1974ರಲ್ಲಿ ಸಂಪಾದಕ ಪೀಠವನ್ನು ಕಳೆದುಕೊಂಡರು. 1981ರ ಸೆಪ್ಟೆಂಬರಿನಲ್ಲಿ ಸೆರೆಮನೆಯನ್ನೂ ಕಂಡರು. ಆ ಅಕ್ಟೋಬರಿನಲ್ಲಿ ಸಾದಾತರ ಹತ್ಯೆಯಾಯಿತು. ತರುವಾಯ ಹೈಕಲರ ಬಿಡುಗಡೆಯಾಯಿತು. 1983ರಲ್ಲಿ ಅವರು ಪ್ರಕಟಿಸಿದ ಸಾದಾತರ ಕುರಿತ ಗ್ರಂಥವು ವಿಷಯಸಂಪತ್ತಿನಿಂದ ಕೂಡಿದ್ದರೂ, ಮೃತರ ಹುಟ್ಟು ಬಣ್ಣಗಳವರೆಗೆ ಹೋಗಿ ಕೆಣಕುತ್ತದೆ. ಮಿತ್ರನ ವಿಷಯದಲ್ಲಿ ತೋರದ ನಿಷ್ಠುರತೆಯೆಲ್ಲವೂ ವಿರೋಧಿಯ ಮೇಲೆ ಒಮ್ಮೆಗೇ ಸುರಿದಂತಿದೆ. ಸತ್ಯದ ತಕ್ಕಡಿಯು ಮೊದಲು ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ ವಾಲಿತು. ಸಮನಾಗಿ ನಿಂತುದು ವಿರಳ.

ಎರಡು ಭಾಷೆಗಳ ಪತ್ರಿಕೆಗಳು ಒಂದೇ ಬೆಳಿಗ್ಗೆ ಬಂದು ಬೀಳುವ ಗಡಿನಾಡಿನವರಾದ ನಮಗೆ, ಒಂದೇ ಘಟನೆಗೆ ಎರಡು ಹೆಸರುಗಳಿರುವ ಅನುಭವ ಹೊಸದಲ್ಲ. ಆದುದರಿಂದ ಶಿಕ್ಷಕಬಾಂಧವರಲ್ಲಿ ನನ್ನದೊಂದು ವಿನಂತಿ. ಮೇಲಿನ ತರಗತಿಗಳಲ್ಲಿ ವಾರಕ್ಕೊಂದು ಅಂಕಣವನ್ನು ಗಟ್ಟಿಯಾಗಿ ಓದಿಸಿ. ಬರೆದವರು ಯಾರಿಗೆ ಹತ್ತಿರದವರು, ಯಾವ ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದಾರೆ, ಕಹಿಯಾದ ಸಂಗತಿಗೆ ಯಾವ ಸಿಹಿಯಾದ ಪದವನ್ನಿಟ್ಟಿದ್ದಾರೆ ಎಂದು ಮಕ್ಕಳಿಂದಲೇ ಹುಡುಕಿಸಿ. ಕರಿಹಲಗೆಯ ಮೇಲೆ ‘ಹಿನ್ನಡೆ’ ಮತ್ತು ‘ಸೋಲು’ ಎಂಬ ಎರಡು ಪದಗಳನ್ನು ಬರೆದು, ಅವುಗಳ ನಡುವಣ ಅಂತರವನ್ನು ಹೇಳಿರೆಂದರೆ ಸಾಕು, ಪಾಠವು ತಾನಾಗಿ ಆರಂಭವಾಗುತ್ತದೆ.