ಹಳಬರು ಮತ್ತೆ ಹೊಸಬರಾಗುವ ಬಗೆ

ಕಾರ್ಡು ಕೈಗೆ ಬಂದು ವರ್ಷ ತುಂಬುವ ಹೊತ್ತಿಗೆ ಬ್ಯಾಂಕಿನಿಂದ ಒಂದು ಸಂದೇಶ ಬರುತ್ತದೆ. ‘ಅಭಿನಂದನೆಗಳು! ಮೇಲ್ದರ್ಜೆಯ ಕಾರ್ಡಿಗೆ ನೀವು ಅರ್ಹರು. ಒಂದು ಬಟನ್ ಒತ್ತಿದರೆ ಸಾಕು.’ ಒತ್ತುವ ಮುಂಚೆ ಈ ವಾರದ ಅಂಕಣ ಓದಿ.

ಸ್ವಾಗತ ಬೋನಸ್ ಸಲ್ಲುವುದು ಹೊಸ ಖಾತೆಗೆ. ಅಪ್‌ಗ್ರೇಡ್ ಎಂದರೆ ಹಳೆಯ ಖಾತೆಗೇ ಬೇರೆ ಬಣ್ಣದ ಕಾರ್ಡು. ಹೊಸ ಅಳಿಯನಿಗೆ ಸಿಗುವ ಹೋಳಿಗೆ ತುಪ್ಪ ಹಳೆಯ ಅಳಿಯನಿಗೆ ಸಿಗುವುದಿಲ್ಲ. ಬಟನ್ ಒತ್ತಿದವರಿಗೆ ವಾರ್ಷಿಕ ಶುಲ್ಕ ಏರುತ್ತದೆ, ಬೋನಸ್ ಮಾತ್ರ ಬರುವುದಿಲ್ಲ. ಎಷ್ಟೋ ಸಲ ಮುಂದೆ ಅದನ್ನು ಪಡೆಯುವ ಹಕ್ಕೂ ಅಲ್ಲಿಗೇ ಮುಗಿಯುತ್ತದೆ.

ಹೊಸ ಹೊಸ ಕಾರ್ಡು ಪಡೆದು ಬೋನಸ್ ಗಳಿಸುವ ಆಟದ ತವರು ಅಮೆರಿಕ. 2016ರ ಆಗಸ್ಟ್‌ನಲ್ಲಿ ಚೇಸ್ ಬ್ಯಾಂಕು ಸಫೈರ್ ರಿಸರ್ವ್ ಕಾರ್ಡನ್ನು 1 ಲಕ್ಷ ಪಾಯಿಂಟುಗಳ ಬೋನಸ್ ಜತೆ ಬಿಟ್ಟಿತು. ಜನ ಮುಗಿಬಿದ್ದ ರಭಸಕ್ಕೆ ಲೋಹದ ಕಾರ್ಡುಗಳ ದಾಸ್ತಾನೇ ಖಾಲಿಯಾಯಿತು. ಈ ಕಾರ್ಡಿನಿಂದಾಗಿ ಆ ವರ್ಷದ ಕೊನೆಯ ತ್ರೈಮಾಸಿಕದ ಲಾಭ 20ರಿಂದ 30 ಕೋಟಿ ಡಾಲರ್ ತಗ್ಗಲಿದೆ ಎಂದು ಮುಖ್ಯಸ್ಥ ಜೇಮೀ ಡೈಮನ್ ಅವರೇ ಹೇಳಬೇಕಾಯಿತು. ಮುಂದಿನ ವರ್ಷ ಬೋನಸ್ ಅರ್ಧಕ್ಕಿಳಿಯಿತು. ಬೋನಸ್ ಬಾಚಿಕೊಂಡು ಹೋಗುವವರನ್ನು ತಡೆಯಲು ಬ್ಯಾಂಕುಗಳು ಹಾಕಿದ ಬೇಲಿಯೂ ಬಿಗಿಯಾಗುತ್ತ ಬಂತು. ಆ ಬೇಲಿಯ ಉದ್ದಗಲ ಗೊತ್ತಿದ್ದವರಿಗೆ ಮಾತ್ರ ಇಂದು ಆಟ ಒಲಿಯುತ್ತದೆ. ಬೇಸಿಗೆ ರಜೆಗೆ ಮಕ್ಕಳು ಮರಿಯೊಂದಿಗೆ ಬೆಂಗಳೂರಿಗೆ ಹಾರಬೇಕಾದ ಅಲ್ಲಿನ ಕನ್ನಡಿಗರಿಗೆ ಇದು ಬರೀ ಶೋಕಿಯೂ ಅಲ್ಲ. ನಾಲ್ಕು ಟಿಕೆಟಿನ ದರ ನೋಡಿದವರು ಟಿಕೆಟ್ಟಾಗಿ ಬದಲಾಗಬಲ್ಲ ಪಾಯಿಂಟನ್ನು ಹಗುರಾಗಿ ಕಾಣುವುದಿಲ್ಲ.

ಚೇಸ್‌ನದು ‘ಐದು–ಇಪ್ಪತ್ನಾಲ್ಕು’ ಎಂಬ ಲೆಕ್ಕ. ಹಿಂದಿನ 24 ತಿಂಗಳಲ್ಲಿ, ಯಾವುದೇ ಬ್ಯಾಂಕಿನದಿರಲಿ, ಐದು ಹೊಸ ಕಾರ್ಡು ಪಡೆದವರ ಅರ್ಜಿಯನ್ನು ಅದು ಸಾಮಾನ್ಯವಾಗಿ ತಳ್ಳಿಹಾಕುತ್ತದೆ. ಷರತ್ತುಗಳ ಪುಟದಲ್ಲಿ ಇದನ್ನು ಬರೆದಿಲ್ಲ, ಅರ್ಜಿ ಹಾಕಿ ಹಾಕಿ ಜನರೇ ಕಂಡುಕೊಂಡದ್ದು. ಹಾಗಾಗಿ ಅನುಭವಿಗಳು ಚೇಸ್ ಕಾರ್ಡುಗಳನ್ನು ಮೊದಲು ಮುಗಿಸಿಕೊಂಡು ಆಮೇಲೆ ಬೇರೆ ಬ್ಯಾಂಕಿನ ಕಡೆ ನೋಡುತ್ತಾರೆ.

ಅಮೆರಿಕನ್ ಎಕ್ಸ್‌ಪ್ರೆಸ್‌ನ ಬೇಲಿ ಬೇರೆ ಥರದ್ದು. ಒಂದು ಕಾರ್ಡಿಗೆ ಜೀವಮಾನದಲ್ಲಿ ಒಂದೇ ಬೋನಸ್. ‘ಈ ಕಾರ್ಡು ಈಗಿದ್ದರೆ ಅಥವಾ ಹಿಂದೆ ಇದ್ದಿದ್ದರೆ’ ಎಂಬ ಒಂದೇ ವಾಕ್ಯದಲ್ಲಿ ಎಲ್ಲ ಅಡಗಿದೆ. ಗೋಲ್ಡ್ ಕಾರ್ಡನ್ನು ಪ್ಲಾಟಿನಂಗೆ ಅಪ್‌ಗ್ರೇಡ್ ಮಾಡಿಕೊಂಡರೆ ಪ್ಲಾಟಿನಂ ‘ಇದ್ದವರ’ ಪಟ್ಟಿಗೆ ಸೇರಿದಿರಿ, ಅದರ ಬೋನಸ್ಸಿಗೆ ಎಳ್ಳುನೀರು. ಅಪ್‌ಗ್ರೇಡಿಗೂ ಆಗೊಮ್ಮೆ ಈಗೊಮ್ಮೆ ಪಾಯಿಂಟ್ ಕೊಡುತ್ತಾರಾದರೂ ಹೊಸಬರಿಗೆ ಸಿಗುವುದರ ಮುಂದೆ ಅದು ಸಾಮಾನ್ಯವಾಗಿ ಕಡಿಮೆಯೇ. 2023ರಿಂದ ಇನ್ನೊಂದು ಗಂಟು ಬಿದ್ದಿದೆ. ಪ್ಲಾಟಿನಂ ಪಡೆದವರಿಗೆ ಅದಕ್ಕಿಂತ ಕೆಳಗಿನ ಗೋಲ್ಡ್‌ನ ಬೋನಸ್ ಸಿಗದೇ ಹೋಗಬಹುದು. ಆದ್ದರಿಂದ ಏಣಿಯನ್ನು ಕೆಳಗಿನಿಂದಲೇ ಹತ್ತಬೇಕು: ಮೊದಲು ಗ್ರೀನ್, ನಂತರ ಗೋಲ್ಡ್, ಕೊನೆಗೆ ಪ್ಲಾಟಿನಂ. ಪ್ರತಿ ಸಲವೂ ಹೊಸ ಅರ್ಜಿ. ಬೋನಸ್ ಸಿಗದ ಅರ್ಜಿಯಾದರೆ, ಕ್ರೆಡಿಟ್ ವರದಿ ತೆಗೆಸುವ ಮುಂಚೆಯೇ ತೆರೆಯ ಮೇಲೆ ಎಚ್ಚರಿಕೆಯೊಂದು ಮೂಡುತ್ತದೆ. ಅಲ್ಲಿಂದ ಹಿಂದೆ ಸರಿದರೆ ನಷ್ಟವೇನೂ ಇಲ್ಲ.

ಇನ್ನು ಕಾರ್ಡು ಬದಲಿಸುವ ಕುಶಲತೆ. ನನಗೆ ಹೆಚ್ಚು ಮೆಚ್ಚುಗೆಯಾದ ಪಟ್ಟು ಸಫೈರ್‌ನದು. ಬಹುಕಾಲ ಅಲ್ಲಿ ನಿಯಮ ಹೀಗಿತ್ತು: ಕೈಯಲ್ಲಿ ಯಾವ ಸಫೈರ್ ಕಾರ್ಡೂ ಇರಬಾರದು, ಹಿಂದಿನ ಸಫೈರ್ ಬೋನಸ್ ಬಂದು 48 ತಿಂಗಳು ಕಳೆದಿರಬೇಕು. ಬಲ್ಲವರು ಕಾರ್ಡನ್ನು ರದ್ದು ಮಾಡಿಸುತ್ತಿರಲಿಲ್ಲ. ಸಫೈರ್‌ನ ಅಗ್ಗದ ಕಾರ್ಡಿಗೆ ವರ್ಷ ತುಂಬಿ 95 ಡಾಲರ್ ಶುಲ್ಕ ಬಿದ್ದಾಗ ಫೋನ್ ಮಾಡಿ, ‘ಖಾತೆ ಮುಚ್ಚಬೇಡಿ, ಶುಲ್ಕವಿಲ್ಲದ ಫ್ರೀಡಂ ಕಾರ್ಡಿಗೆ ಬದಲಿಸಿ’ ಎನ್ನುತ್ತಿದ್ದರು. ಖಾತೆ ಅದೇ, ತೆರೆದ ದಿನಾಂಕವೂ ಅದೇ. ಕ್ರೆಡಿಟ್ ಇತಿಹಾಸದ ವಯಸ್ಸು ಉಳಿಯಿತು, ಐದು–ಇಪ್ಪತ್ನಾಲ್ಕರ ಲೆಕ್ಕಕ್ಕೆ ಹೊಸ ಕಾರ್ಡು ಸೇರಲಿಲ್ಲ, ಸಫೈರ್‌ನ ಜಾಗವೂ ತೆರವಾಯಿತು. ಒಂದು ಎಚ್ಚರ ಬೇಕಿತ್ತು: ಫ್ರೀಡಂ ಒಂದೇ ಉಳಿದರೆ ಪಾಯಿಂಟುಗಳನ್ನು ವಿಮಾನ ಕಂಪನಿಗೆ ವರ್ಗಾಯಿಸಲು ಬರುವುದಿಲ್ಲ. ಆದ್ದರಿಂದ ಫೋನಿಗೆ ಮುಂಚೆಯೇ ಅವನ್ನು ಯುನೈಟೆಡ್‌ಗೋ ಏರೋಪ್ಲಾನ್‌ಗೋ ಸಾಗಿಸಬೇಕು, ಇಲ್ಲವೇ ಮನೆಯವರ ಸಫೈರ್ ಖಾತೆಗೆ ಹಾಕಬೇಕು.

2025ರ ಜೂನ್‌ನಲ್ಲಿ ರಿಸರ್ವ್‌ನ ಶುಲ್ಕ 550ರಿಂದ 795 ಡಾಲರ್‌ಗೆ ಏರಿತು, ಜತೆಗೆ ಆ 48 ತಿಂಗಳ ನಿಯಮವನ್ನೂ ಬ್ಯಾಂಕು ಬದಲಿಸಿತು. ಈಗ ಅಲ್ಲೂ ‘ಹಿಂದೆ ಇದ್ದಿದ್ದರೆ’ ಎಂಬ ಮಾತು ನುಸುಳಿದೆ. ಹೋದ ವರ್ಷದ ಬುದ್ಧಿವಂತಿಕೆ ಈ ವರ್ಷ ನಡೆಯುತ್ತದೆಂದು ನಂಬಬೇಡಿ. ಅರ್ಜಿ ಹಾಕುವ ದಿನ ಷರತ್ತಿನ ಪ್ಯಾರಾ ಓದಿ, ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಒಂದು ಎಕ್ಸೆಲ್ ಹಾಳೆಯೂ ಬೇಕು: ಖಾತೆ ತೆರೆದ ದಿನ, ಬೋನಸ್ ಜಮೆಯಾದ ದಿನ, ಶುಲ್ಕ ಬೀಳುವ ದಿನ. ಮೂರೂ ಬೇರೆ ಬೇರೆ ತಾರೀಖು, ಅವಧಿ ಎಣಿಸುವಾಗ ಹೆಚ್ಚಿನವರು ಎಡವುವುದು ಇಲ್ಲೇ. ಬೋನಸ್ ಬಂದ ಮರುದಿನವೇ ಕಾರ್ಡು ಬಿಸಾಡುವ ಚಪಲವೂ ಬೇಡ. 12 ತಿಂಗಳೊಳಗೆ ರದ್ದು ಮಾಡಿದರೆ ಬೋನಸ್ ವಾಪಸ್ ಪಡೆಯುವ ಹಕ್ಕನ್ನು ಅಮೆರಿಕನ್ ಎಕ್ಸ್‌ಪ್ರೆಸ್ ತನ್ನ ಷರತ್ತಿನಲ್ಲೇ ಕಾಯ್ದಿರಿಸಿಕೊಂಡಿದೆ.

ನಮ್ಮಲ್ಲಿ ಈ ಆಟ ಅಷ್ಟು ಕಳೆಗಟ್ಟುವುದಿಲ್ಲ, ಏಕೆಂದರೆ ಇಲ್ಲಿನ ಸ್ವಾಗತದ ಉಡುಗೊರೆ ಬಹುಮಟ್ಟಿಗೆ ನಮ್ಮ ಶುಲ್ಕವೇ ವೋಚರ್ ವೇಷದಲ್ಲಿ ಮರಳುವುದು. ಎಸ್‌ಬಿಐ ಕಾರ್ಡ್ ಎಲೀಟ್ ನೋಡಿ. ಶುಲ್ಕ 4,999 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿದರೆ ಸುಮಾರು 5,899. ಕೈಗೆ ಬರುವುದು 5,000 ರೂಪಾಯಿಯ ವೋಚರ್. ಅಂದರೆ ಉಡುಗೊರೆ ಪಡೆಯಲು ನಾವೇ 899 ರೂಪಾಯಿ ತೆತ್ತ ಹಾಗಾಯಿತು. ಲೌಂಜು, ಸಿನಿಮಾ ಟಿಕೆಟ್ ಬಳಸುವವರಿಗೆ ಅದು ಸರಿಹೋದೀತು, ಬೋನಸ್‌ಗಾಗಿಯೇ ಹೋಗುವವರಿಗೆ ಅಲ್ಲ.

ಆದರೆ ಹೊರಬರುವ ದಾರಿ ನಮ್ಮಲ್ಲಿ ಸಲೀಸು. 2022ರ ಜುಲೈನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಕೇಳಿದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡವನ್ನು ಬ್ಯಾಂಕು ಗ್ರಾಹಕರಿಗೆ ಕೊಡಬೇಕು. ಹೊಸಬರಾಗಿ ಮರಳುವ ಆಲೋಚನೆಯಿದ್ದರೆ ಕೋರಿಕೆಯನ್ನು ಬರಹದಲ್ಲೇ ಕಳಿಸಿ, ಮುಚ್ಚಿದ ದೃಢೀಕರಣ ಪಡೆದು ಜೋಪಾನ ಮಾಡಿ. ಹಳೆಯ ಗ್ರಾಹಕರನ್ನು ಎಷ್ಟು ದಿನದ ಮೇಲೆ ಹೊಸಬರೆಂದು ಕಾಣುತ್ತಾರೆ ಎಂಬುದನ್ನು ಆಯಾ ಬ್ಯಾಂಕಿಗೇ ಇಮೇಲ್ ಬರೆದು ಕೇಳಿ. ಫೋನಿನಲ್ಲಿ ಸಿಕ್ಕ ಭರವಸೆಯನ್ನು ನಾಳೆ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಇಷ್ಟೆಲ್ಲ ಜಾಣತನ ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಮಾತ್ರ. ನಮ್ಮಲ್ಲಿ ಬಾಕಿಯ ಮೇಲೆ ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ ಬೀಳುತ್ತದೆ, ಬಾಕಿ ಉಳಿಸಿಕೊಳ್ಳುತ್ತ ಹೋದರೆ ಯಾವ ಬೋನಸ್ಸೂ ಅದಕ್ಕೆ ಸಾಟಿಯಾಗದು. ಪೂರ್ತಿ ಕಟ್ಟುವವರಾದರೆ, ಮುಂದಿನ ಸಲ ಅಪ್‌ಗ್ರೇಡಿನ ಕರೆ ಬಂದಾಗ ಒಂದೇ ಪ್ರಶ್ನೆ ಕೇಳಿ: ‘ಇದು ಹೊಸ ಖಾತೆಯೋ, ಹಳೆಯದಕ್ಕೇ ಹೊಸ ಕಾರ್ಡೋ?’ ಉತ್ತರ ಎರಡನೆಯದಾದರೆ ನಯವಾಗಿ ಬೇಡವೆಂದು, ಆ ಕಾರ್ಡಿನ ಹೊಸ ಅರ್ಜಿಗೆ ತಾರೀಖು ಗುರುತು ಹಾಕಿಕೊಳ್ಳಿ.