ನಿಖತ್ ಆಡುವಾಗ ಕಾಲು ನೋಡಿ

ಬಾಕ್ಸಿಂಗ್ ನೋಡುವವರ ಕಣ್ಣು ಸಾಮಾನ್ಯವಾಗಿ ಗ್ಲೌಸ್ ಮೇಲೆಯೇ ಇರುತ್ತದೆ. ನಿಖತ್ ಜರೀನ್ ರಿಂಗಿಗಿಳಿದಾಗ ಕೈಯನ್ನು ಬಿಟ್ಟು ಕಾಲನ್ನು ನೋಡಬೇಕು. ಎದುರಾಳಿಯ ಮುಷ್ಟಿಗೆ ಸಿಗದಷ್ಟು ದೂರದಲ್ಲಿ ನಿಂತು, ಥಟ್ಟನೆ ಒಳನುಗ್ಗಿ ಎರಡು ನೇರ ಏಟು ಕೊಟ್ಟು, ಅದಕ್ಕೆ ಉತ್ತರ ಬರುವಷ್ಟರಲ್ಲಿ ಪಕ್ಕಕ್ಕೆ ಸರಿದಿರುತ್ತಾರೆ. ಅವರು ಮೊದಲು ಕಲಿತದ್ದು ಓಟ. ಆ ಓಟಗಾರ್ತಿಯ ಕಾಲು ಇನ್ನೂ ಅವರ ಜೊತೆಗಿದೆ.

ಹೈದರಾಬಾದು ಬಾಕ್ಸಿಂಗಿಗೆ ಹೆಸರಾದ ಊರಲ್ಲ. ಇಲ್ಲಿ ಕೋಚ್ ಎಸ್.ಎ. ರಹೀಂ ಸಾಹೇಬರ ಕಾಲದ ಫುಟ್‌ಬಾಲ್ ಇತ್ತು, ಕ್ರಿಕೆಟ್ ಇತ್ತು, ಆಮೇಲೆ ಗೋಪಿಚಂದ್ ಅಕಾಡೆಮಿಯ ಬ್ಯಾಡ್ಮಿಂಟನ್ ಬಂತು. ಮುಷ್ಟಿಯ ಆಟವನ್ನು ಬೆಳೆಸಿದ್ದು ನಿಖತ್ ಅವರ ಊರು, ತೆಲಂಗಾಣದ ನಿಜಾಮಾಬಾದು. ಅಲ್ಲಿನ ಮೈದಾನದಲ್ಲಿ ಬಾಕ್ಸಿಂಗ್ ಕಡೆ ಹುಡುಗಿಯರೇ ಇಲ್ಲದ್ದನ್ನು ಕಂಡು ನಿಖತ್, ತಂದೆ ಜಮೀಲ್ ಅಹಮದರನ್ನು ಕಾರಣ ಕೇಳಿದರು. ತಂದೆ ಕರೆದೊಯ್ದು ಕೋಚ್ ಸಂಸಾಮುದ್ದೀನ್ ಕೈಗೊಪ್ಪಿಸಿದರು. ಅದೇ ಕೋಚ್ ಮಗ ಹುಸಾಮುದ್ದೀನ್ 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಒಂದು ಜಿಲ್ಲಾ ಕೇಂದ್ರದ ಮೈದಾನಕ್ಕೆ ಇದು ಸಣ್ಣ ಸಾಧನೆಯಲ್ಲ. ಮಹಾನಗರಗಳ ದೊಡ್ಡ ಅಕಾಡೆಮಿಗಳನ್ನು ಹೊಗಳುವ ನಮ್ಮ ಕ್ರೀಡಾ ಪುಟಗಳು ಇಂಥ ಕೋಚ್‌ಗಳಿಗೆ ಇನ್ನಷ್ಟು ಜಾಗ ಕೊಡಬೇಕು.

2011ರಲ್ಲಿ ಟರ್ಕಿಯ ಅಂಟಾಲ್ಯದಲ್ಲಿ ನಿಖತ್ ಜೂನಿಯರ್ ವಿಶ್ವ ಚಾಂಪಿಯನ್ ಆದರು. ಆಗಿನ್ನೂ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳ ಬಾಕ್ಸಿಂಗ್ ನಡೆದೇ ಇರಲಿಲ್ಲ. ಅದು ಶುರುವಾದದ್ದು ಮರುವರ್ಷ, ಲಂಡನ್ನಿನಲ್ಲಿ. 2017ರಲ್ಲಿ ಭುಜಕ್ಕೆ ಪೆಟ್ಟಾಗಿ ಆಟ ನಿಂತಿತು. 2019ರಲ್ಲಿ ಟೋಕಿಯೊ ಒಲಿಂಪಿಕ್ಸ್ ಅರ್ಹತಾ ಪಂದ್ಯಗಳಿಗೆ ಆಯ್ಕೆ ಟ್ರಯಲ್ಸ್ ನಡೆಯಲೇಬೇಕೆಂದು ಕ್ರೀಡಾ ಸಚಿವರಿಗೆ ಪತ್ರ ಬರೆದರು. ಟ್ರಯಲ್ಸ್ ನಡೆಯಿತು, ಮೇರಿ ಕೋಮ್ ಎದುರು 1–9ರಿಂದ ಸೋತರು. ಸೋಲು ನ್ಯಾಯವಾದದ್ದೇ, ಪತ್ರವೂ ನ್ಯಾಯವಾದದ್ದೇ.

ಆ ಸೋಲಿನ ನಂತರ ಅವರ ಆಟ ಬಲಿತ ಬಗೆಯನ್ನು 2022ರ ಮೇ 19ರ ಇಸ್ತಾನ್‌ಬುಲ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ನೋಡಬೇಕು. ತೂಕ 52 ಕೆ.ಜಿ., ಎದುರಿಗೆ ಥಾಯ್ಲೆಂಡಿನ ಜಿಟ್ಪಾಂಗ್ ಜುಟಾಮಾಸ್. ಮೊದಲ ಸುತ್ತು ನಿಖತ್‌ಗೆ. ಎರಡನೆಯದರಲ್ಲಿ ಜುಟಾಮಾಸ್ ತಿರುಗಿಬಿದ್ದು 3–2ರಿಂದ ಸುತ್ತು ಕಿತ್ತುಕೊಂಡರು. ಮುನ್ನಡೆಯಲ್ಲಿದ್ದವರು ಇಂಥ ಹೊತ್ತಲ್ಲಿ ಗಾರ್ಡ್ ಏರಿಸಿಕೊಂಡು ಕಾಲ ತಳ್ಳುವುದೇ ಹೆಚ್ಚು. ಈಕೆ ಮೂರನೆಯ ಸುತ್ತಿನಲ್ಲಿ ಮುಂದಕ್ಕೇ ಹೋದರು. ಐವರು ತೀರ್ಪುಗಾರರೂ ಪಂದ್ಯವನ್ನು ಅವರಿಗೇ ಕೊಟ್ಟರು. ಆದರೆ ಮೂವರ ಅಂಕಪಟ್ಟಿಯಲ್ಲಿ 29–28 ಇತ್ತು. 5–0 ಎಂದು ಓದಿದವರಿಗೆ ಆ ಪಂದ್ಯ ಎಷ್ಟು ಬಿಗಿಯಾಗಿತ್ತೆಂದು ಗೊತ್ತಾಗುವುದಿಲ್ಲ.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 52 ಕೆ.ಜಿ. ವಿಭಾಗವೇ ಇರಲಿಲ್ಲ. ನಿಖತ್ 50ಕ್ಕೆ ಇಳಿದರು, ಇಳಿದೇ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಚಿನ್ನವನ್ನೂ 2023ರಲ್ಲಿ ದೆಹಲಿಯಲ್ಲಿ ಎರಡನೆಯ ವಿಶ್ವ ಪಟ್ಟವನ್ನೂ ಗೆದ್ದರು. ಅದೇ ದೆಹಲಿ ಕೂಟದಲ್ಲಿ 52 ಕೆ.ಜಿ. ಚಿನ್ನ ಚೀನಾದ ವು ಯು ಅವರದ್ದು. ಪ್ಯಾರಿಸ್‌ನಲ್ಲಿ ಈ ಇಬ್ಬರೂ ಒಂದೇ ತೂಕಕ್ಕೆ ಬಂದರು. ವು ಯು ಅಗ್ರ ಶ್ರೇಯಾಂಕದವರು, ನಿಖತ್‌ಗೆ ಶ್ರೇಯಾಂಕವೇ ಇಲ್ಲ. ಜರ್ಮನಿಯ ಮ್ಯಾಕ್ಸಿ ಕ್ಲೋಟ್ಜರ್‌ರನ್ನು ಸೋಲಿಸಿದ ಮೇಲೆ, ಫೈನಲ್‌ಗೆ ತಕ್ಕ ಪಂದ್ಯ ಹದಿನಾರರ ಘಟ್ಟದಲ್ಲೇ ಎದುರಾಯಿತು. 0–5. ವು ಯು ಕೊನೆಗೆ ಚಿನ್ನವನ್ನೇ ಗೆದ್ದರು. ಆ ಒಂದು ಮಧ್ಯಾಹ್ನವನ್ನು ಹಿಡಿದು ನಿಖತ್ ಅವರನ್ನು ಅಳೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ವು ಯು ಅಂದು ಚೆನ್ನಾಗಿ ಆಡಿದರು, ಅದು ನಿಜ. ಡ್ರಾ ಕ್ರೂರವಾಗಿತ್ತು ಎಂಬುದೂ ಅಷ್ಟೇ ನಿಜ.

ಈಗ ಅವರು ತೆಲಂಗಾಣ ಪೊಲೀಸ್ ಇಲಾಖೆಯಲ್ಲಿ ಡಿಎಸ್‌ಪಿ. ತೂಕ 51 ಕೆ.ಜಿ. 2025ರ ನವೆಂಬರಿನಲ್ಲಿ ಗ್ರೇಟರ್ ನೋಯ್ಡಾದ ವಿಶ್ವ ಬಾಕ್ಸಿಂಗ್ ಕಪ್ ಫೈನಲ್ಸ್‌ನಲ್ಲಿ ಆ ವಿಭಾಗದ ಚಿನ್ನ ಗೆದ್ದರು. ಮೂವತ್ತರ ಹತ್ತಿರ ಬಂದಾಗ ಬಾಕ್ಸರ್‌ಗಳ ಕಾಲಿನ ಚುರುಕು ಕೈಗಿಂತ ಮೊದಲು ಕಡಿಮೆಯಾಗುತ್ತದೆ. ಅವರ ಮುಂದಿನ ಪಂದ್ಯ ಟಿವಿಯಲ್ಲಿ ಬಂದರೆ ಎರಡನೆಯ ಸುತ್ತನ್ನು ತಪ್ಪಿಸಬೇಡಿ: ಏಟು ಕೊಟ್ಟ ಮೇಲೆ ಪಕ್ಕಕ್ಕೆ ಸರಿಯುತ್ತಾರೋ, ನೇರ ಹಿಂದಕ್ಕೆ ಹೋಗುತ್ತಾರೋ ಗಮನಿಸಿ.