ಸೋರದ ಸೋರಿಕೆ

ಶಿರಾಡಿ ಘಾಟಿಯ ಅರ್ಧ ಏರಿನಲ್ಲಿ ನಿಂತುಬಿಟ್ಟ ನನ್ನ ಅಂಬಾಸಿಡರಿನ ರೋಗ ಪತ್ತೆ ಹಚ್ಚಿದ್ದು ಒಬ್ಬ ಲಾರಿ ಕ್ಲೀನರ್ ಹುಡುಗ. ಬಾನೆಟ್ಟಿನೊಳಗೆ ಒಮ್ಮೆ ಬಗ್ಗಿ ನೋಡಿ, "ಏರ್ ಎಳೀತಿದೆ ಸಾರ್" ಅಂದ.

"ಎಲ್ಲೂ ಸೋರ್ತಾನೇ ಇಲ್ವಲ್ಲೋ?"

"ಸೋರಿದ್ರೆ ಒಳ್ಳೇದಿತ್ತು. ಕಣ್ಣಿಗಾದ್ರೂ ಕಾಣ್ತಿತ್ತು."

ಪೆಟ್ರೋಲ್ ಗಾಡಿಯನ್ನು ಡೀಸೆಲ್‌ಗೆ ಬದಲಿಸಲು ಹೊರಟವರಿಗೆ ನಾನು ಹೇಳಬೇಕಾದದ್ದೆಲ್ಲ ಆ ಹುಡುಗನ ಮಾತಿನಲ್ಲೇ ಇದೆ. ಉಳಿದದ್ದು ವಿವರ.

ಒಂದು ಕಾಲಕ್ಕೆ ನಮ್ಮಲ್ಲಿ ಇದು ಮಾಮೂಲು ಕೆಲಸ. ಪೆಟ್ರೋಲಿಗೂ ಡೀಸೆಲಿಗೂ ಬೆಲೆಯ ಅಂತರ ದೊಡ್ಡದಿತ್ತು. ಹಾಗಾಗಿ ಟ್ಯಾಕ್ಸಿಯವರು ಅಂಬಾಸಿಡರಿಗೆ ಮೆಟಡಾರ್ ಎಂಜಿನ್ ಕೂರಿಸಿದರು, ಎಸ್ಟೇಟಿನವರು ಜೀಪಿನ ಪೆಟ್ರೋಲ್ ಎಂಜಿನ್ ಇಳಿಸಿ ಸಿಕ್ಕ ಡೀಸೆಲ್ ಎಂಜಿನ್ ಏರಿಸಿದರು. ನನ್ನದು ಮಾರ್ಕ್-3. ಅದಕ್ಕೆ ಗುಜರಿ ಸೇರಿದ್ದ ಕಂಟೆಸ್ಸಾ ಕಾರಿನಿಂದ ಇಳಿಸಿದ ಇಸುಜು ಡೀಸೆಲ್ ಎಂಜಿನ್ ಬಂತು. ಮೌಂಟಿಂಗ್, ಗೇರ್ ಬಾಕ್ಸ್, ರೇಡಿಯೇಟರ್ ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಡೀಸೆಲನ್ನು ಟ್ಯಾಂಕಿನಿಂದ ಎಂಜಿನ್ನಿಗೆ ತರುವವರು ಯಾರು ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಪೆಟ್ರೋಲ್ ಅಂಬಾಸಿಡರಿನಲ್ಲಿ ಆ ಕೆಲಸಕ್ಕಿದ್ದುದು ಅಂಗೈಯಗಲದ ಡಯಾಫ್ರಾಮ್ ಪಂಪು. ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡು, ಕ್ಯಾಮ್ ಶಾಫ್ಟ್ ಒತ್ತಿದಂತೆಲ್ಲ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಹೀರಿ ಕಾರ್ಬುರೇಟರಿಗೆ ಕೊಡುತ್ತದೆ. ಅದರ ಒತ್ತಡ ಕಾಲು ಬಾರ್ ಆಸುಪಾಸು, ಅಷ್ಟೇ. ಡೀಸೆಲ್ಲಿನ ಲೆಕ್ಕವೇ ಬೇರೆ. ಹಳೆಯ ಕಾರಿನ ಎಂಜಿನ್ನಿನಲ್ಲೂ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಾಯಿ ತೆರೆಯಲು ನೂರು ಬಾರ್ ದಾಟಬೇಕು. ಅಷ್ಟು ಒತ್ತಡ ಕೊಡುವ ಇಂಜೆಕ್ಷನ್ ಪಂಪಿನ ಪ್ಲಂಜರಿಗೂ ಅದರ ಬ್ಯಾರಲ್ಲಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ಅಲ್ಲಿ ಸೀಲ್ ಇಲ್ಲ, ವಾಷರ್ ಇಲ್ಲ. ಉಕ್ಕಿಗೆ ಉಕ್ಕೇ ಬಾಗಿಲು. ಒಂದು ಕಣ ಮಣ್ಣು ಹೊಕ್ಕರೆ ಗೀರು ಬಿತ್ತು, ಒಂದು ಹನಿ ನೀರು ನಿಂತರೆ ತುಕ್ಕು ಹಿಡಿಯಿತು.

ಬಾಷ್ ಕಂಪನಿ ಇಂಥ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ಡೀಸೆಲ್ ಎಂಜಿನ್ ಲಾರಿಗೆ, ಆಮೇಲೆ ಕಾರಿಗೆ ಇಳಿಯಲು ದಾರಿ ಮಾಡಿಕೊಟ್ಟದ್ದು ಅದೇ. ನಮ್ಮೂರಿಗೂ ಅದರ ನಂಟಿದೆ. 1951ರಲ್ಲಿ ಹುಟ್ಟಿದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಈ ಪಂಪುಗಳನ್ನೇ ಮಾಡುತ್ತ ಬಂತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಗ್ಯಾರೇಜಿನವರ ಬಾಯಲ್ಲಿ ಇವತ್ತಿಗೂ ಅದು 'ಮೈಕೋ ಪಂಪು'.

ಇಂಥ ಹಳೆಯ ಇಂಜೆಕ್ಷನ್ ಪಂಪಿನಲ್ಲಿ ಎರಡು ಜಾತಿ. ಒಂದು ಇನ್‌ಲೈನ್: ಸಿಲಿಂಡರಿಗೊಂದು ಪ್ಲಂಜರ್-ಬ್ಯಾರಲ್ ಜೋಡಿ, ಸಾಲಾಗಿ ನಿಂತಿರುತ್ತವೆ. ಟೆಂಪೋ ಟ್ರ್ಯಾಕ್ಸ್ ಗಾಡಿಗೆ ಬರುತ್ತಿದ್ದ ಮರ್ಸಿಡಿಸ್ ಮೂಲದ ಓಎಂ 616 ಎಂಜಿನ್ನಿನದು ಈ ಜಾತಿ. ಅದರ ಕೆಳಭಾಗಕ್ಕೆ ಎಂಜಿನ್ ಆಯಿಲ್ಲೇ ಕೀಲೆಣ್ಣೆ. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪು ಪಕ್ಕೆಯಲ್ಲೇ ಬೋಲ್ಟಾಗಿರುವುದು ವಾಡಿಕೆ, ಜೊತೆಗೆ ಕೈಯಲ್ಲಿ ಒತ್ತುವ ಪ್ರೈಮರ್. ತೂಕ ಹೆಚ್ಚು, ಮೈ ದೊಡ್ಡದು, ಆದರೆ ಹಳ್ಳಿಯ ಬ್ಯಾರಲ್ ಡೀಸೆಲ್ಲಿಗೂ ಜಗ್ಗುವುದಿಲ್ಲ. ಇನ್ನೊಂದು ರೋಟರಿ. ನನ್ನ ಇಸುಜುವಿನದು ವಿಇ ಹೆಸರಿನ ಈ ಜಾತಿಯ ಪಂಪು. ಒಂದೇ ಪ್ಲಂಜರ್ ತಿರುಗುತ್ತ ನಾಲ್ಕೂ ಸಿಲಿಂಡರಿಗೆ ಹಂಚುತ್ತದೆ. ಹಗುರ, ಚುರುಕು, ಇಕ್ಕಟ್ಟಿನಲ್ಲೂ ಕೂರುತ್ತದೆ. ಅದರ ಒಳಭಾಗವೆಲ್ಲ ಡೀಸೆಲಿನಲ್ಲೇ ಮಿಂದು ಡೀಸೆಲನ್ನೇ ಕೀಲೆಣ್ಣೆಯಾಗಿ ಬಳಸುತ್ತದೆ, ಹಾಗಾಗಿ ಕೊಳೆಗೂ ನೀರಿಗೂ ಬೇಗ ಮುನಿಯುತ್ತದೆ. ಎಂಜಿನ್ ಆಯ್ದ ಗಳಿಗೆಯಲ್ಲೇ ಇಂಜೆಕ್ಷನ್ ಪಂಪನ್ನೂ ಆಯ್ದುಬಿಟ್ಟಿರುತ್ತೇವೆ. ನಮ್ಮ ಆಯ್ಕೆಗೆ ನಿಜವಾಗಿ ಉಳಿಯುವುದು ಚಿಕ್ಕದು, ಫೀಡ್ ಪಂಪು. ದೊಡ್ಡ ಪಂಪಿನ ಆಯಸ್ಸು ಇರುವುದು ಆ ಚಿಕ್ಕದರ ಕೈಯಲ್ಲಿ.

ನನ್ನ ಮೊದಲ ತಪ್ಪು, ಫೀಡ್ ಪಂಪನ್ನು ಹಾಕದೇ ಇದ್ದದ್ದು. ಹಳೆಯ ಡಯಾಫ್ರಾಮ್ ಪಂಪು ಪೆಟ್ರೋಲ್ ಎಂಜಿನ್ನಿನ ಜೊತೆಗೇ ಹೋಯಿತು. ರೋಟರಿ ಪಂಪಿನ ಹೊಟ್ಟೆಯಲ್ಲೇ ಒಂದು ವೇನ್ ಪಂಪು ಇರುತ್ತದೆ, ಅದೇ ಎಳೆದುಕೊಳ್ಳುತ್ತದೆ ಅಂದರು ಗ್ಯಾರೇಜಿನಲ್ಲಿ. ಸುಳ್ಳಲ್ಲ. ಪೈಪು ಗಟ್ಟಿಯಿದ್ದರೆ ಎಷ್ಟೋ ಕಾರುಗಳು ಹಾಗೇ ಓಡುತ್ತವೆ. ನನ್ನ ಪೈಪಿಗೆ ಗಾಡಿಯಷ್ಟೇ ವಯಸ್ಸು. ಜಾಯಿಂಟುಗಳಲ್ಲಿ ಕೂದಲೆಳೆಯ ಸಂದುಗಳು. ಪೆಟ್ರೋಲ್ ಕಾಲದಲ್ಲೂ ಅಲ್ಲಿ ಗಾಳಿ ನುಗ್ಗುತ್ತಿದ್ದಿರಬೇಕು. ಆದರೆ ಕಾರ್ಬುರೇಟರಿನ ಬಟ್ಟಲು ಕ್ಷಮಾಗುಣದ್ದು: ಗುಳ್ಳೆ ಬಂದರೆ ಮೇಲೇರಿ ಹೊರಟುಹೋಗುತ್ತದೆ, ಎಂಜಿನ್ನಿಗೆ ಗೊತ್ತೂ ಆಗುವುದಿಲ್ಲ. ಡೀಸೆಲಿನಲ್ಲಿ ಗುಳ್ಳೆ ಪ್ಲಂಜರಿನ ಕೆಳಗೆ ಸಿಕ್ಕರೆ ಸ್ಪಂಜಿನಂತೆ ಅದುಮಿಕೊಳ್ಳುತ್ತದೆ. ಒತ್ತಡ ಏರದು, ನಾಜಲ್ ಬಾಯಿ ಬಿಡದು. ಹೀರುವ ಪೈಪಿನ ತೂತಿನಿಂದ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಸೋರದ ಸೋರಿಕೆ ಎಂದರೆ ಇದೇ.

ಘಾಟಿಯಲ್ಲಿ ಆ ಕ್ಲೀನರ್ ಹುಡುಗ ಪಂಪಿಗೆ ಬರುವ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ಟ್ಯೂಬ್ ಸಿಕ್ಕಿಸಿ ತೋರಿಸಿದ. ಕಷಾಯದ ಬಣ್ಣದ ಡೀಸೆಲಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳ ಸಾಲು, ಒಂದರ ಹಿಂದೊಂದು, ಅವಸರವಿಲ್ಲದೆ ಎಂಜಿನ್ನಿನತ್ತ ನಡೆದಿದ್ದವು. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ ಪ್ರೈಮರ್ ಒತ್ತಿದಾಗ ಮೊದಲು ನೊರೆ, ಆಮೇಲೆ ಉಗುಳು, ಕೊನೆಗೆ ತಿಳಿ ಧಾರೆ. ಸ್ಕ್ರೂ ಬಿಗಿದದ್ದೇ ಎಂಜಿನ್ ಹಿಡಿಯಿತು.

ಎರಡನೇ ತಪ್ಪು ಮೊದಲನೆಯದಕ್ಕೆ ತದ್ವಿರುದ್ಧ. ಇನ್ನೊಂದು ಗ್ಯಾರೇಜಿನಲ್ಲಿ "ಪ್ರೆಷರ್ ಜಾಸ್ತಿ ಇದ್ದಷ್ಟೂ ಒಳ್ಳೇದು" ಎಂದು ಪೆಟ್ರೋಲ್ ಇಂಜೆಕ್ಷನ್ ಕಾರಿನ ಎಲೆಕ್ಟ್ರಿಕ್ ಪಂಪು ಕೂರಿಸಿದರು. ಅದು ಮೂರು ಬಾರ್ ತಳ್ಳುವ ಯಂತ್ರ. ಗುಳ್ಳೆ ಮಾಯವಾದವು, ನಿಜ. ತಿಂಗಳೊಳಗೆ ರೋಟರಿ ಪಂಪಿನ ಶಾಫ್ಟ್ ಸೀಲ್ ಒಸರತೊಡಗಿತು. ಹೀರಿಕೊಳ್ಳುವುದಕ್ಕೆಂದು ಹುಟ್ಟಿದ ಬಾಯಿಗೆ ಯಾರೋ ಪೈಪಿಟ್ಟು ನೀರು ಬಿಟ್ಟಂತಾಗಿತ್ತು. ತೆಳುವಾದ ಪೆಟ್ರೋಲಿಗೆ ಲೆಕ್ಕ ಹಾಕಿದ ಮೋಟಾರಿಗೆ ದಪ್ಪ ಡೀಸೆಲ್ ಹೊರೆಯೂ ಹೌದು.

ಮೂರನೇ ಸಲ ಸರಿಹೋಯಿತು. ಡೀಸೆಲಿಗೆ ಆಗುತ್ತದೆಂದು ಅದರ ಮೇಲೇ ಬರೆದಿರುವ, ಅರ್ಧ ಬಾರ್ ದಾಟದ, ಟಿಕ್ ಟಿಕ್ ಸದ್ದಿನ ಎಲೆಕ್ಟ್ರಿಕ್ ಪಂಪು. ಅದನ್ನು ಎಂಜಿನ್ ಹತ್ತಿರ ಇಡದೆ ಟ್ಯಾಂಕಿನ ಪಕ್ಕಕ್ಕೇ ಇಟ್ಟೆ. ಈಗ ಇಡೀ ಉದ್ದದ ಪೈಪು ಹೀರುವುದಿಲ್ಲ, ತಳ್ಳಿಸಿಕೊಳ್ಳುತ್ತದೆ. ಎಂಜಿನ್ನಿನಲ್ಲೇ ಕ್ಯಾಮ್‌ನಿಂದ ನಡೆಯುವ ಫೀಡ್ ಪಂಪಿಗೆ ಜಾಗವಿದ್ದರೆ ಅದೂ ಒಳ್ಳೆಯದೇ, ಕರೆಂಟಿನ ಹಂಗಿಲ್ಲ. ಆದರೆ ಅದರ ಡಯಾಫ್ರಾಮ್ ಹರಿದರೆ ಡೀಸೆಲ್ ಆಯಿಲ್ ಸಂಪಿಗೆ ಇಳಿಯುತ್ತದೆ. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಏರಿದೆಯೆಂದು ಸಂತೋಷಪಡಬೇಡಿ. ಡೀಸೆಲ್ ಎಂಜಿನ್ ತನ್ನ ಸಂಪಿನದನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಓಡಬಲ್ಲದು.

ಉಳಿದದ್ದು ಬೇಗ ಹೇಳುತ್ತೇನೆ. ಮಿಕ್ಕ ಡೀಸೆಲ್ ವಾಪಸು ಹೋಗಲು ಟ್ಯಾಂಕಿಗೆ ರಿಟರ್ನ್ ಪೈಪು ಬೇಕು. ಟ್ಯಾಂಕು ತೊಳೆಯಿರಿ, ಸತುವಿನ ಲೇಪದ ಪೈಪು ಬೇಡ, ನೀರು ಬೇರ್ಪಡಿಸುವ ಫಿಲ್ಟರಿಗೆ ಕಾಸು ಹಿಡಿಯಬೇಡಿ. ಬ್ರೇಕಿಗೆ ಬೂಸ್ಟರ್ ಇದ್ದರೆ ಇನ್ನೊಂದು ಪಂಪು ಬೇಕು, ವ್ಯಾಕ್ಯೂಮ್ ಪಂಪು; ಪೆಟ್ರೋಲ್ ಎಂಜಿನ್ ಪುಕ್ಕಟೆಯಾಗಿ ಕೊಡುತ್ತಿದ್ದ ನಿರ್ವಾತವನ್ನು ಡೀಸೆಲ್ ಕೊಡುವುದಿಲ್ಲ. ಇದಕ್ಕೆಲ್ಲ ಮೊದಲು ಆರ್.ಟಿ.ಒ. ಕಚೇರಿ. ಗಾಡಿಯ ಮಾರ್ಪಾಡಿನ ಕುರಿತಾದ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದದೆ ಸ್ಪ್ಯಾನರ್ ಹಿಡಿಯಬೇಡಿ.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಗಾಡಿಯ ಕೆಳಗೆ, ನಡುಭಾಗದಲ್ಲಿ, ರೂಪಾಯಿಯಗಲ ಡೀಸೆಲ್ ಕಲೆ ಬಿದ್ದಿತ್ತು. ಮನೆಯವಳು ಅಂಗಳ ಹಾಳಾಯಿತೆಂದು ಗೊಣಗಿದಳು. ನಾನು ಗೋಣಿಚೀಲ ಹಾಸಿ ಕೆಳಗೆ ತೂರಿದೆ. ಕಲೆಯ ನೇರಕ್ಕೆ ಮೇಲೆ ಒಂದು ಜಾಯಿಂಟು, ಅದರ ತುದಿಯಲ್ಲಿ ಒಂದು ತೊಟ್ಟು. ಕಾಲು ಸುತ್ತು ಬಿಗಿದೆ, ನಿಂತಿತು.